ಚಪ್ಪಲಿ ಕಾಯುತ್ತಾ ನಿಲ್ಲಬೇಡ

ಕಲಬುರಗಿ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಮೊನ್ನೆ ಬಂತು. ಫೋನಿನಲ್ಲಿ ಹೇಳೋಕೆ ಆಗದ್ದನ್ನು ಬರೆದು ಕಳಿಸಿದ್ದೀಯ. ಹಾಗಾಗಿ ನಾನೂ ಬರೆಯುತ್ತಿದ್ದೇನೆ. ಹೋದ ವರ್ಷ ಮನೆಯಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ಹೊಲದ ಕಾಗದದ ಮಾತು ನೀನು ಮಂಗಳೂರಿನಲ್ಲಿ ಓದುತ್ತಿರುವ ಮಗಳನ್ನು ನೋಡಿಕೊಂಡು ಬಂದ ಮೇಲೆ ಆಡೋಣ.

ನನ್ನನ್ನು ಕಲಕಿದ್ದು ಕೊನೆಯ ಸಾಲು. ಸಹಿ ಹಾಕಿದ ಮೇಲೆ ಅಂಚಿನಲ್ಲಿ ಸಣ್ಣಗೆ ಬರೆದಿದ್ದೀಯ: "ಅವಳ ಗೆಳತಿಯರು ಎದುರಿಗೆ ಬಂದರೆ ನಾನು ಸ್ವಲ್ಪ ದೂರ ನಿಲ್ಲಬೇಕಾ ಕಾಕಾ?"

ನಿಮ್ಮ ಕಾಕಿಗೆ ಓದಿ ಹೇಳಿದೆ. ಆಕೆ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದಳು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೂಸಿಗೆ ತಿಂಗಳಿಗೊಂದು ಭಾನುವಾರ ಹಾಸ್ಟೆಲಿನಿಂದ ಹೊರಗೆ ಬಿಡುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಎಂಟು ತಾಸು. ಅದಕ್ಕೆ ನೀನು ಮಾಡಿದ ಪಟ್ಟಿ ನೋಡಿದೆ. ಪಿಲಿಕುಳ, ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಪಣಂಬೂರು, ಕೊನೆಗೆ ಒಂದು ಮಾಲ್. ಇಷ್ಟನ್ನೂ ಎಂಟು ತಾಸಿನಲ್ಲಿ ನೋಡುವವರು ಆಟೋದಲ್ಲೇ ದಿನ ಕಳೆಯುತ್ತಾರೆ. ಪಿಲಿಕುಳ ಒಂದಕ್ಕೇ ಅರ್ಧ ದಿನ ಬೇಕು. ಇದು ನೋಡುವ ಆಸೆಗೆ ಮಾಡಿದ ಪಟ್ಟಿ ಅಂತ ನನಗೆ ಅನ್ನಿಸಲಿಲ್ಲ. ಒಂದು ಕಡೆ ಇಬ್ಬರೇ ಸುಮ್ನೆ ಕೂರಬೇಕಾಗಿ ಬಂದರೆ ಏನು ಗತಿ ಅಂತ ಹೆದರಿ ಮಾಡಿದ್ದು, ಅಲ್ವಾ? ನಾನು ಹೆಚ್ಚು ಹೇಳುತ್ತಿದ್ದರೆ ಬಿಟ್ಟುಬಿಡು.

ನಿನ್ನ ಮಾತು ಕೇಳಿ ಅಲ್ಲಿಯವರು ನಗುತ್ತಾರೆ, ಕೈಯ ಗೆರೆಯಲ್ಲಿ ಕೂತ ಕಲ್ಲಿನ ಪುಡಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಅಂತೆಲ್ಲ ಬರೆದಿದ್ದೀಯ. ಆ ಕೈಯೇ ಹಾಸ್ಟೆಲಿನ ಫೀಸು ಕಟ್ಟುತ್ತಿದೆ ಅಂತ ನಾನು ಬರೆಯಬಹುದು. ಬೇಡ. ಅದು ಎಲ್ಲರೂ ಹೇಳುವ ಮಾತು. ನಿನ್ನ ಹೆದರಿಕೆ ಅದರಿಂದ ಕಡಿಮೆ ಆಗೋದಿಲ್ಲ.

ನಾನು ಮೊದಲ ಸಲ ಸಮುದ್ರ ನೋಡಿದ ದಿನದ್ದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳುವವನು ನಾನೊಬ್ಬನೇ, ನಾನು ಹೇಳಿಲ್ಲ.

ಆಗ ನಾನು ಐದನೇ ಕ್ಲಾಸು. ನಿಮ್ಮ ಮುತ್ಯಾ, ಅಂದರೆ ನನ್ನ ಅಪ್ಪ, ದಾಲ್ ಮಿಲ್ಲಿನ ವಸೂಲಿಗೆ ಬೊಂಬಾಯಿಗೆ ಹೋಗುತ್ತಿದ್ದರು. ಮಸ್ಜಿದ್ ಬಂದರಿನ ಹತ್ತಿರ ದಾಣಾ ಬಂದರ್ ಅಂತ ಇದೆ. ಕಾಳುಕಡಿಯ ದೊಡ್ಡ ಪೇಟೆ ಆಗ ಅಲ್ಲೇ. ನಮ್ಮ ಗುಲ್ಬರ್ಗಾದ ತೊಗರಿ ಬೇಳೆಯ ಚೀಲಗಳೂ ಅಲ್ಲಿಗೆ ಹೋಗುತ್ತಿದ್ದವು. ಆ ಸಲ ನನ್ನನ್ನೂ ಕರೆದುಕೊಂಡು ಹೋದರು. ಮದ್ರಾಸಿನಿಂದ ಬರುವ ರೈಲು, ರಾತ್ರಿಯೆಲ್ಲ ಕಿಟಕಿಯಿಂದ ಇದ್ದಲಿಯ ಪುಡಿ. ಬೆಳಿಗ್ಗೆ ವೀಟಿ ಸ್ಟೇಷನ್ನಿನಲ್ಲಿ ಇಳಿದೆವು. ಅಪ್ಪ ನಲ್ಲಿಯ ಹತ್ತಿರ ಮುಖ ತೊಳೆದು, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಅಷ್ಟು ಹೊತ್ತು ಸುತ್ತಿದ್ದನ್ನು ನಾನು ಊರಲ್ಲಿ ನೋಡಿರಲಿಲ್ಲ.

ಸೇಠರ ಅಂಗಡಿಯಲ್ಲಿ ಲೆಕ್ಕ ಮುಗಿಯಿತು. ಸೇಠರ ಮಕ್ಕಳು ಮಧ್ಯಾಹ್ನದ ಮೇಲೆ ಚೌಪಾಟಿಗೆ ಹೊರಟಿದ್ದರು. ಒಬ್ಬ ನನ್ನ ವಯಸ್ಸಿನವನೇ. ಸೇಠರು ಒಳ್ಳೆಯವರು, ಈ ಹುಡುಗನನ್ನೂ ಕರೆದುಕೊಂಡು ಹೋಗಿ ಅಂದರು. ಕಾರಿನಲ್ಲಿ ಹೋದೆವು. ಅಪ್ಪ ಮುಂದೆ ಡ್ರೈವರ್ ಪಕ್ಕದಲ್ಲಿ ಕೂತಿದ್ದರು, ತೊಡೆಯ ಮೇಲೆ ಚೀಲ ಇಟ್ಟುಕೊಂಡು.

ಚೌಪಾಟಿಯಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಮರಳಿಗೆ ಓಡಿದೆವು. ಅಪ್ಪ ಬರಲಿಲ್ಲ. ತಿಲಕರ ಮೂರ್ತಿ ಇರುವ ಕಡೆ ನಿಂತುಬಿಟ್ಟರು, ಎಲ್ಲರ ಚಪ್ಪಲಿ ಕಾಯುತ್ತಾ. ಕಾಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಭೇಲ್ ತಿಂದೆ, ಅಲೆಗೆ ಕಾಲು ಕೊಟ್ಟೆ, ಚಡ್ಡಿ ತೋಯಿಸಿಕೊಂಡೆ. ಪ್ರತಿ ಸಲ ಹಿಂದೆ ತಿರುಗಿದಾಗಲೂ ಅಪ್ಪ ಅಲ್ಲೇ. ಕೈ ಬೀಸಿ, ಆಡು ಆಡು ಅನ್ನುತ್ತಿದ್ದರು.

ಸೇಠರ ಮಗ ಕೇಳಿದ, "ಅವರು ಯಾಕೆ ಬರ್ತಾ ಇಲ್ಲ?" ನನಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ. ಬಂದಿದ್ದರೂ ಏನು ಹೇಳುತ್ತಿದ್ದೆ?

ರಾತ್ರಿ ವಾಪಸ್ ರೈಲಿನಲ್ಲಿ, ಪುಣೆ ದಾಟಿತ್ತು ಅನ್ನಿಸುತ್ತದೆ, ಅಪ್ಪ ಮೆಲ್ಲಗೆ ಕೇಳಿದರು, "ನೀರು ಕಾಲಿಗೆ ಹೆಂಗಿತ್ತೋ? ತಣ್ಣಗಿತ್ತೇನು?"

ತಮ್ಮಾ, ಹತ್ತಿರ ಬಂದರೆ ನನಗೆ ನಾಚಿಕೆ ಆಗುತ್ತದೆ ಅಂತ ಅವರು ಎಣಿಸಿದ್ದರು. ನನಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ಅವರು ದೂರ ನಿಂತ ಮೇಲೆ, ನಾಚಿಕೆ ಪಡುವಂಥದ್ದು ಏನೋ ಇದೆ ಅಂತ ನನಗೆ ಮೊದಲ ಸಲ ಗೊತ್ತಾಯಿತು. ಆ ದಿನದ ಸಮುದ್ರ ಎಷ್ಟು ನೀಲಿ ಇತ್ತು ಅಂತ ಕೇಳಿದರೆ ನಾನು ಹೇಳಲಾರೆ. ಅಪ್ಪ ನಿಂತಿದ್ದ ಜಾಗ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಯಾಕೆ ಬರಲಿಲ್ಲ ಅಂತ ಕೊನೆಯವರೆಗೂ ಅವರನ್ನು ಕೇಳಲಿಲ್ಲ. ಕೇಳೋಕೆ ಬೇಕಾದಷ್ಟು ವರ್ಷ ಇದ್ದವು.

ಮುಂದೆ ನಾನೂ ಅದೇ ವಸೂಲಿ ಕೆಲಸಕ್ಕೆ ಬಿದ್ದೆ, ಮಂಗಳೂರಿನ ಬಂದರ್ ಕಡೆ. ಅಲ್ಲಿ ಹಳೇ ದಕ್ಕೆಯಲ್ಲಿ ಮಂಜಿಗಳು ನಿಂತಿರುತ್ತವೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಹಡಗುಗಳು. ತರಕಾರಿ, ಸಿಮೆಂಟು, ಕಲ್ಲು, ಆಡು, ಎಲ್ಲ ಹೇರುತ್ತಾರೆ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಬಂದ್. ನಮ್ಮ ಬೇಳೆಯೂ ಅದರಲ್ಲಿ ದ್ವೀಪಕ್ಕೆ ಹೋಗಿರಬಹುದು ಅಂತ ಯೋಚಿಸುತ್ತಾ ನಾನು ಒಬ್ಬನೇ ಕೂರುತ್ತಿದ್ದೆ. ಅಪ್ಪನನ್ನು ಒಂದು ಸಲ ಕರೆದುಕೊಂಡು ಬರಬಹುದಿತ್ತು. ಆಗಲೇ ಅವರಿಗೆ ಮೊಣಕಾಲು ನೋವು. ರಾತ್ರಿ ಪೂರ್ತಿ ಬಸ್ಸು ಬೇಡ ಅಂತ ನಾವೇ ತೀರ್ಮಾನ ಮಾಡಿದೆವು, ಅವರನ್ನು ಕೇಳದೆ. ಅವರು ಸಮುದ್ರದ ನೀರು ಮುಟ್ಟಿದ್ದನ್ನು ನಾನಂತೂ ಕಾಣಲಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ ನೋಡು. ನಿನಗೆ ಬೇಕಾದದ್ದು ಇದಲ್ಲ, ಭಾನುವಾರ ಏನು ಮಾಡಬೇಕು ಅನ್ನೋದು. ನನಗೆ ಗೊತ್ತಿರೋದು ಸ್ವಲ್ಪ, ಅದೂ ಹಳೆಯದು. ಕೂಸಿಗೇ ಜಾಸ್ತಿ ಗೊತ್ತಿರುತ್ತದೆ. ಅವಳನ್ನು ಕೇಳು.

ನನ್ನನ್ನು ಕೇಳಿದರೆ ಮೊದಲು ಚಾಪೆಲ್. ಹಾಸ್ಟೆಲಿಗೆ ಹತ್ತಿರವೂ ಆಯಿತು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಹೊರಗಿನವರನ್ನು ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಕೂಸಿನಿಂದ ಕೇಳಿಸಿಕೋ. ಕಟ್ಟಿದ್ದು 1880ರ ಹೊತ್ತಿಗೆ. ಒಳಗಿನ ಚಿತ್ರ ಬರೆದದ್ದು ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಅನ್ನುವವರು, ಸುಮಾರು 1900ರ ಆಚೀಚೆ. ಗೋಡೆಯ ಚಿತ್ರಗಳನ್ನು ಹಸಿ ಗಾರೆ ಒಣಗುವುದರೊಳಗೆ ಬರೆಯಬೇಕು, ಬಣ್ಣ ಸುಣ್ಣದ ಜೊತೆಗೇ ಗಟ್ಟಿಯಾಗುತ್ತದೆ. ನಿನಗೆ ಇದು ನನಗಿಂತ ಬೇಗ ತಿಳಿಯುತ್ತದೆ, ನೀನು ಸುಣ್ಣಕಲ್ಲಿನ ಜೊತೆ ಬದುಕಿದವನು. ಒಳಗೆ ಫೋಟೋ ತೆಗೆಯಬಾರದು. ಇನ್ನೊಂದು ಅನುಕೂಲ ಇದೆ. ಅಲ್ಲಿ ಎಲ್ಲರೂ ತಲೆ ಎತ್ತಿ ಮಾಳಿಗೆ ನೋಡುತ್ತಿರುತ್ತಾರೆ. ನಿನ್ನ ಕೈಯನ್ನು ಯಾರೂ ನೋಡುವುದಿಲ್ಲ.

ಆಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದಿರಲಿ ಅಂತ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು. ಚಿಕ್ಕದು. ನಮ್ಮ ಕಲಬುರಗಿ ಕೋಟೆ ನೋಡಿದವರಿಗೆ ನಗು ಬರುತ್ತದೆ. ಆದರೆ ಕರಿ ಕಲ್ಲಿನ ಕೆಲಸ ಚೆನ್ನಾಗಿದೆ, ನೀನು ಕೈಯಾಡಿಸಿ ನೋಡಬೇಕು. ಆ ಕಡೆ ದಡಕ್ಕೆ ದೋಣಿ ನಡೆಯುತ್ತಿದ್ದರೆ ಹತ್ತಿ, ಆಚೆ ತಣ್ಣೀರುಬಾವಿ. ಹೊಳೆ ಒಂದು ಕಡೆ, ಸಮುದ್ರ ಒಂದು ಕಡೆ.

ಏನು ಮಾತಾಡಲಿ ಅನ್ನುವವನಿಗೆ ಊರು ಪೂರ್ತಿ ಮಾತಿದೆ ಅಲ್ಲಿ. ಅಲ್ಲಿಯ ಮನೆಯ ಗೋಡೆ ಕೆಂಪು ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ನಮ್ಮ ಶಹಾಬಾದಿನ ಫರ್ಸಿ ಕಲ್ಲು ಪದರ ಪದರವಾಗಿ ಏಳುತ್ತದೆ. ಯಾಕೆ ಹೀಗೆ ಅಂತ ಕೂಸನ್ನು ಕೇಳು, ಸೈನ್ಸ್ ಓದುತ್ತಿದ್ದಾಳಲ್ಲ. ಅವಳಿಗೆ ಗೊತ್ತಿದ್ದರೆ ಹೇಳುತ್ತಾಳೆ, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಗೋಡೆ ಕೆರೆದು ನೋಡಿ. ನಮ್ಮಲ್ಲಿ ಮಾಳಿಗೆ ಮೇಲೆ ಮಲಗುತ್ತೇವೆ, ಅಲ್ಲಿ ಎಲ್ಲ ಇಳಿಜಾರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲೇ ಅಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದರು. ನಮಗಿಂತ ನಾಲ್ಕೈದು ಪಟ್ಟು ಮಳೆ ಬೀಳುವ ಊರು, ಚಪ್ಪಟೆ ಮಾಳಿಗೆ ಅಲ್ಲಿ ನಡೆಯೋದಿಲ್ಲ. ಅವಳು ಅಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದಿದ್ದಾಳೆ. ಬಟ್ಟೆ ಹೇಗೆ ಒಣಗಿಸಿದಳು ಅಂತ ಯಾರಾದರೂ ಕೇಳಿದ್ದೀವಾ? ನಾವು ಫೋನಿನಲ್ಲಿ ಕೇಳುವುದು ಊಟ ಆಯ್ತಾ, ಮಾರ್ಕ್ಸು ಎಷ್ಟು, ಎರಡೇ.

ಮಾತೇ ಬರದಿದ್ದರೂ ಆಗಲಿ. ಪಕ್ಕದಲ್ಲಿ ನಿಲ್ಲು, ಅಷ್ಟು ಸಾಕು.

ಗೆಳತಿಯರು ಬರುತ್ತಾರೋ ಇಲ್ಲವೋ. ಭಾನುವಾರ ಹಾಸ್ಟೆಲಿನವರೆಲ್ಲ ಹೊರಗೇ ಇರುತ್ತಾರೆ, ಐಸ್‌ಕ್ರೀಮ್ ಪಾರ್ಲರಿನಲ್ಲಿ ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಸಿಕ್ಕಾಗ ಅವಳು ಒಂದು ಕ್ಷಣ ತಡವರಿಸಬಹುದು. ಹದಿನೇಳು ವರ್ಷದ ಹುಡುಗಿ, ಕಲೆಕ್ಟರ್ ಅಪ್ಪ ಆಗಿದ್ದರೂ ತಡವರಿಸುತ್ತಾಳೆ. ಅದನ್ನು ನೋಡಿ ನೀನು ಹಿಂದೆ ಸರಿದರೆ ಅವಳು ಮಾಡುವುದಾದರೂ ಏನು? ಅವರನ್ನೂ ಕೂರಿಸು. ಗಡ್‌ಬಡ್ ಆರ್ಡರ್ ಮಾಡು. ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಐಸ್‌ಕ್ರೀಮ್ ಒಂದರ ಮೇಲೊಂದು ಹಾಕಿ ಕೊಡುತ್ತಾರೆ, ತಿನ್ನುವಾಗ ಎಲ್ಲರ ಬಾಯಿಯೂ ಅಂಟಾಗುತ್ತದೆ. ನೀನು ನಮ್ಮ ಮಾತಿನಲ್ಲೇ ಮಾತಾಡು. ಅವರು ನಕ್ಕರೆ ನಗಲಿ. ನಾನು ಬಂದರ್‌ನಲ್ಲಿ ಬಾಯಿ ತೆರೆದರೆ ಅಲ್ಲಿಯ ಗುಮಾಸ್ತರು ನಗುತ್ತಿದ್ದರು, ನಾನು ಅವರ ಪುಸ್ತಕದ ಕನ್ನಡ ಕೇಳಿ ನಗುತ್ತಿದ್ದೆ. ಲೆಕ್ಕ ಚುಕ್ತಾ ಆಗುತ್ತಿತ್ತು.

ಸಮುದ್ರದ ಒಂದು ಮಾತು, ಇದನ್ನು ಮಾತ್ರ ಜೋರಾಗಿ ಹೇಳುತ್ತೇನೆ. ಕಾಗಿಣಾ ಹೊಳೆಯಲ್ಲಿ ಈಜಿದ ಧೈರ್ಯ ಅಲ್ಲಿ ತೋರಿಸಬೇಡ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಮೊಣಕಾಲಿನ ಮೇಲೆ ನೀರು ಬೇಡ. ಕಾವಲಿನ ಹುಡುಗರು ಸೀಟಿ ಹೊಡೆದರೆ ಮೇಲೆ ಬಂದುಬಿಡಿ. ಆದರೆ ಕಾಲು ತೋಯಿಸದೆ ಬರಬೇಡ. ಪ್ಯಾಂಟು ಮಡಚು. ಚಪ್ಪಲಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲೇ ಹಿಡಿದುಕೋ, ಅದನ್ನು ಕಾಯೋಕೆ ಯಾರೂ ದಡದಲ್ಲಿ ನಿಲ್ಲೋದು ಬೇಡ.

ಬಿಸಿಲು ನಮ್ಮಷ್ಟು ಇಲ್ಲ, ಬೆವರು ಮಾತ್ರ ವಿಪರೀತ. ಒಂದು ಅಂಗಿ ಹೆಚ್ಚು ಇಟ್ಟುಕೋ. ನೀಲಿ ಚೌಕಳಿಯದು ಇದೆಯಲ್ಲ, ಅದು. ಹೊಸದು ಕೊಳ್ಳಬೇಡ, ಹೊಸ ಅಂಗಿ ಹಾಕಿದ ದಿನ ನೀನು ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗದೆ ಒದ್ದಾಡುತ್ತೀಯ.

ಆರಕ್ಕೆ ಹಾಸ್ಟೆಲಿನ ಗೇಟು ಅಂದರೆ ಸೂರ್ಯ ಮುಳುಗುವುದನ್ನು ನೋಡಲು ಆಗೋದಿಲ್ಲ. ಅದಕ್ಕಾಗಿ ವಾರ್ಡನ್ ಹತ್ತಿರ ಗೋಗರೆಯಬೇಡ. ತಣ್ಣೀರುಬಾವಿಯಿಂದ ನಾಲ್ಕೂವರೆಗೆ ಹೊರಡು, ಭಾನುವಾರ ದೋಣಿಗೆ ಜನ ಇರುತ್ತಾರೆ. ಪಟ್ಟಿಯಲ್ಲಿ ಉಳಿದದ್ದು ಮುಂದಿನ ಸಲಕ್ಕೆ. ಮಾಲ್ ಕಲಬುರಗಿಯಲ್ಲೂ ಇದೆ.

ಶನಿವಾರ ಬಸ್ಸು ಹತ್ತುವ ಮುನ್ನ ಮನೆ ಕಡೆ ಬಾ. ಕಾಕಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟುತ್ತಿದ್ದಾಳೆ, ಕೂಸಿನ ರೂಮಿನ ಗೆಳತಿಯರ ಲೆಕ್ಕವನ್ನೂ ಹಿಡಿದು. ಅವರ ಪಾಲು ನೀನೇ ಕೈಯಾರೆ ಕೊಡಬೇಕಂತೆ, ಕೂಸಿನ ಹತ್ತಿರ ಕೊಟ್ಟು ಕಳಿಸುವ ಹಾಗಿಲ್ಲ. ಅಲ್ಲಿಯ ಹವೆಗೆ ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತದೆ. ನಿಮ್ಮ ಮನೆಯಲ್ಲಿ ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿ ಇದ್ದರೆ ತಾ, ನಮ್ಮದರ ಮುಚ್ಚಳ ಸಡಿಲ.

ನಿನ್ನ ಕಾಕಾ