ಲೈಟಿಂಗ್ ಕನ್ಸೋಲಿನ ಮೇಲ್ದರ್ಜೆಗೆ ನೆರವು ಕೋರಿ

ಮುಂಬಯಿಯ ರಂಗಪ್ರಿಯ ಕನ್ನಡಿಗರಲ್ಲಿ ವಿನಂತಿ.

ನಮ್ಮ ಟ್ರಸ್ಟಿನ ಸಭಾಂಗಣದಲ್ಲಿ ರಂಗದ ದೀಪಗಳನ್ನು ನಿಯಂತ್ರಿಸುವ ಲೈಟಿಂಗ್ ಕನ್ಸೋಲ್ ಇಂದಿಗೂ ಓಡುತ್ತಿರುವುದು ವಿಂಡೋಸ್ ಎಕ್ಸ್‌ಪಿ ಎಂಬೆಡೆಡ್ ಮೇಲೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2016ರ ಜನವರಿಯಲ್ಲೇ ನಿಂತಿದೆ. ಬೆಳಕು ಏರಿಳಿಸುವ ಫೇಡರು, ಕೀಲಿ, ದೀಪಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್ ಪೋರ್ಟುಗಳೆಲ್ಲ ಗಟ್ಟಿಯಾಗಿವೆ. ಹಳತಾಗಿರುವುದು ಒಳಗಿನ ಕಂಪ್ಯೂಟರ್ ಮಾತ್ರ. ಹೊಸ ಕನ್ಸೋಲ್ ಕೊಳ್ಳುವುದು ಲಕ್ಷಗಳ ಮಾತು, ಅದು ಬೇಕಿಲ್ಲ.

ತೊಂದರೆ ಎಲ್ಲಿದೆ? ಹೊರಗಿನ ತಂಡದವರು ಪೆನ್ ಡ್ರೈವಿನಲ್ಲಿ ತರುವ ಷೋ ಫೈಲ್ (ಪ್ರದರ್ಶನದ ಬೆಳಕಿನ ವಿವರವೆಲ್ಲ ಇರುವ ಫೈಲ್) ಹೊಸ ಆವೃತ್ತಿಯದು, ನಮ್ಮಲ್ಲಿ ತೆರೆಯುವುದಿಲ್ಲ. ಮಧ್ಯಾಹ್ನವಿಡೀ ಕೂತು ಎಲ್ಲ ಕ್ಯೂಗಳನ್ನೂ (ಯಾವಾಗ ಯಾವ ಬೆಳಕು ಎಂಬ ಆದೇಶಗಳನ್ನು) ಮತ್ತೆ ತುಂಬಬೇಕು, ಕಲಾವಿದರ ತಾಲೀಮಿಗೆ ಹೊತ್ತೇ ಉಳಿಯದು. ಹೊಸ ಎಲ್‌ಇಡಿ ದೀಪಗಳ ಪ್ರೊಫೈಲೂ (ಆ ದೀಪವನ್ನು ನಡೆಸಲು ಬೇಕಾದ ಮಾಹಿತಿ) ಹಳೆಯ ಲೈಬ್ರರಿಯಲ್ಲಿಲ್ಲ.

"ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದಲ್ಲ, ದುಡ್ಡು ಯಾಕೆ?" ಎಂದು ಹಲವರು ಕೇಳಿದ್ದಾರೆ. ಕನ್ಸೋಲಿನ ಸಾಫ್ಟ್‌ವೇರ್ ಪುಕ್ಕಟೆಯೇ. ಆದರೆ ಅದು ಎಕ್ಸ್‌ಪಿ ಮೇಲೆ ಕೂರುವುದಿಲ್ಲ, ಹೊಸ ವಿಂಡೋಸಿಗೆ ಈಗಿನ ರ್ಯಾಮ್ ಸಾಲದು.

ನಮ್ಮ ಅಂದಾಜು: ಎರಡು ಎಸ್‌ಎಸ್‌ಡಿ (ಹೊಸ ಬಗೆಯ ಡಿಸ್ಕ್), 4 ಜಿಬಿ ರ್ಯಾಮ್ ಮತ್ತು ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಗೆ 14,000 ರೂಪಾಯಿ, ವಿಂಡೋಸ್ ಪರವಾನಗಿ ಮತ್ತು ಇಮೇಜಿಗೆ (ಡಿಸ್ಕಿಗೆ ಇಡಿಯಾಗಿ ಬರೆಯುವ ಸಿದ್ಧ ಪ್ರತಿ) 16,000, ತಂತ್ರಜ್ಞರ ಕೆಲಸಕ್ಕೆ 12,000, ಯುಪಿಎಸ್ ಬ್ಯಾಟರಿಗೆ 6,000. ಒಟ್ಟು 48,000 ರೂಪಾಯಿ. ಯುಪಿಎಸ್ ಯಾಕೆಂದರೆ, ಇಮೇಜ್ ಬರೆಯುವಾಗ ಕರೆಂಟು ಹೋದರೆ ಡಿಸ್ಕ್ ಅರ್ಧಕ್ಕೇ ನಿಂತು ಯಂತ್ರ ಬೂಟ್ ಆಗುವುದಿಲ್ಲ. ಎರಡನೆಯ ಎಸ್‌ಎಸ್‌ಡಿಯನ್ನು ಸಿದ್ಧ ಮಾಡಿ ತೆಗೆದಿಡುತ್ತೇವೆ. ಪ್ರದರ್ಶನದ ದಿನ ಮೊದಲನೆಯದು ಕೈಕೊಟ್ಟರೆ ಬದಲಿಸಿದರಾಯಿತು.

ಕೆಲಸದ ಕ್ರಮ ಹೀಗೆ. ಇಮೇಜ್ ಹಾಕಿದ ಹೊಸ ಡಿಸ್ಕಿನಲ್ಲಿ ನಮ್ಮ ಹಳೆಯ ಫೈಲು, ಸೆಟ್ಟಿಂಗು ಯಾವುದೂ ಇರುವುದಿಲ್ಲ. ಆದ್ದರಿಂದ ಮೊದಲು ಷೋ ಫೈಲುಗಳನ್ನೆಲ್ಲ ಎರಡು ಪೆನ್ ಡ್ರೈವಿಗೆ ಇಳಿಸಿ, ಐಪಿ ವಿಳಾಸ ಮತ್ತು ಡಿಎಂಎಕ್ಸ್ ಪೋರ್ಟುಗಳ ಸೆಟ್ಟಿಂಗಿನ ಫೋಟೋ ತೆಗೆದುಕೊಳ್ಳುವುದು. ಹಳೆಯ ಡಿಸ್ಕನ್ನು ಅಳಿಸದೆ, ಚೀಟಿ ಅಂಟಿಸಿ ಕಪಾಟಿನಲ್ಲಿಡುವುದು. ಹೊಸ ಆವೃತ್ತಿಯಲ್ಲಿ ಒಮ್ಮೆ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯದು, ಹಾಗಾಗಿ ಮೂಲ ಪ್ರತಿಯನ್ನು ಮುಟ್ಟುವಂತಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಆಮೇಲೆ. ವಿಂಡೋಸ್ ಹೊಸದಾಗಿ ಕೂತಾಗ ನಾವು ಕೊಟ್ಟಿದ್ದ ಐಪಿ ವಿಳಾಸ ಹೋಗಿ, ವಿಳಾಸವನ್ನು ನೆಟ್‌ವರ್ಕಿನಿಂದ ತಾನೇ ಪಡೆಯುವ ಡಿಎಚ್‌ಸಿಪಿ ಕ್ರಮ ಬರುತ್ತದೆ, ಫೈರ್‌ವಾಲ್ ನೆಟ್‌ವರ್ಕ್ ಸಂಚಾರವನ್ನು ತಡೆಯುತ್ತದೆ. ಪರದೆಯ ಮೇಲೆ ಎಲ್ಲ ಸರಿ ಕಂಡರೂ ರಂಗದ ಮೇಲೆ ಕತ್ತಲೆ. ದೀಪಗಳ ಆದೇಶವನ್ನು ನೆಟ್‌ವರ್ಕಿನಲ್ಲಿ ಸಾಗಿಸುವ ಪದ್ಧತಿಗಳಾದ ಎಸ್‌ಎಸಿಎನ್‌ಗೆ ಯುಡಿಪಿ 5568, ಆರ್ಟ್-ನೆಟ್‌ಗೆ 6454, ಫೈರ್‌ವಾಲಿನಲ್ಲಿ ಈ ಪೋರ್ಟುಗಳನ್ನು ತೆರೆದಿಡಬೇಕು. ಸ್ಲೀಪ್ ಮತ್ತು ಆಟೋ ಅಪ್‌ಡೇಟ್ ಆಫ್ ಮಾಡಬೇಕು. ಎರಡನೇ ಅಂಕದ ನಡುವೆ ಯಂತ್ರ ರೀಸ್ಟಾರ್ಟ್ ಆಗುವುದು ಯಾರಿಗೂ ಬೇಡ. ಟಚ್‌ಸ್ಕ್ರೀನಿನ ಕ್ಯಾಲಿಬ್ರೇಷನ್ ಮುಗಿಸಿ, ಒಂದೊಂದೇ ಚಾನೆಲ್ ಹಚ್ಚಿ ನೋಡಿದ ಮೇಲೆಯೇ ಸಭಾಂಗಣವನ್ನು ಬುಕಿಂಗಿಗೆ ಬಿಡುತ್ತೇವೆ.

ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಊರಿನ ಯಕ್ಷಗಾನ ಮೇಳಗಳು ಮಳೆಗಾಲದಲ್ಲಿ ಮುಂಬಯಿಗೆ ಬರುವ ಮುನ್ನ ಇದೆಲ್ಲ ಮುಗಿಯಬೇಕು.

ಕೈಲಾದಷ್ಟು ಕೊಡಿ. ಎಸ್‌ಎಸ್‌ಡಿ, ರ್ಯಾಮ್ ಕೊಡಿಸುವವರು ದಯವಿಟ್ಟು ಕೊಳ್ಳುವ ಮೊದಲು ನಮ್ಮಿಂದ ಮಾದರಿ ಸಂಖ್ಯೆ ಪಡೆಯಿರಿ. ಹಳೆಯ ಮದರ್‌ಬೋರ್ಡಿಗೆ ಎಲ್ಲ ರ್ಯಾಮ್ ಹೊಂದುವುದಿಲ್ಲ. ಆದಾಯ ತೆರಿಗೆ ವಿನಾಯಿತಿಯ ರಸೀದಿ ಬೇಕಾದವರು ಪ್ಯಾನ್ ಸಂಖ್ಯೆ ಬರೆದು, 2,000 ರೂಪಾಯಿಗೆ ಮೇಲ್ಪಟ್ಟ ಮೊತ್ತವನ್ನು ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ಅಷ್ಟು ನಗದಿಗೆ ವಿನಾಯಿತಿ ಸಿಗದು. ಖರ್ಚಿನ ಬಿಲ್ಲುಗಳನ್ನು ಟ್ರಸ್ಟಿನ ಕಚೇರಿಯಲ್ಲಿ ಯಾವಾಗ ಬೇಕಾದರೂ ನೋಡಬಹುದು.