ಮುಚ್ಚಳದ ಲಿಟರ್ ಬಾಕ್ಸ್ ನಿಲ್ಲಿಸುತ್ತಿದ್ದೇವೆ: ಬೆಕ್ಕು ಸಾಕುವ ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದಲ್ಲಿ ಎರಡು ಸಾಮಾನು ಸಿಗುವುದಿಲ್ಲ. ಒಂದು, ಮುಚ್ಚಳ ಇರುವ ಲಿಟರ್ ಬಾಕ್ಸ್, ಅಂದರೆ ಬೆಕ್ಕು ಉಚ್ಚೆ, ಕಕ್ಕ ಮಾಡುವ ಡಬ್ಬ. ಇನ್ನೊಂದು, ಅದರೊಳಗೆ ಹರಡುವ, ಸೆಂಟು ಹಾಕಿದ ಮಣ್ಣಿನ ಲಿಟರ್. ಎರಡೂ ನಮ್ಮಲ್ಲಿ ಚೆನ್ನಾಗಿ ಖರ್ಚಾಗುತ್ತಿದ್ದವು. ಹಾಗಾಗಿ ಈ ತೀರ್ಮಾನಕ್ಕೆ ಬರಲು ನಮಗೆ ಮೂರು ಸಭೆ ಬೇಕಾಯಿತು. ಬದಲಿಗೆ ತೆರೆದ ದೊಡ್ಡ ಟಬ್, ಎರಡು ಅಂತಸ್ತಿನ ಜರಡಿ ಟ್ರೇ, ಅದಕ್ಕೆ ಹಾಕುವ ಮರದ ಪೆಲೆಟ್ ಬರುತ್ತವೆ. ಸೆಂಟಿಲ್ಲದ, ಸಣ್ಣ ಕಾಳಿನ ಮಣ್ಣಿನ ಲಿಟರ್ ಮೊದಲಿನ ಹಾಗೇ ಇರುತ್ತದೆ. ಅದನ್ನು ಯಾಕೆ ಬಿಟ್ಟಿಲ್ಲ ಅನ್ನುವುದನ್ನೂ ಮುಂದೆ ಹೇಳುತ್ತೇವೆ.

ಇದೆಲ್ಲ ಶುರುವಾದದ್ದು ಗುಂಡನಿಂದ. ಗುಂಡ ನಮ್ಮ ಸದಸ್ಯರೊಬ್ಬರ ಮನೆಯ ಗಂಡು ಬೆಕ್ಕು, ಆರು ವರ್ಷದವನು. ಅವನ ಬಾಕ್ಸ್ ನಾವೇ ಮಾರಿದ್ದು. ಮೇಲೆ ಮುಚ್ಚಳ, ಬಾಗಿಲಿಗೆ ತೂಗಾಡುವ ಪ್ಲಾಸ್ಟಿಕ್ ರೆಕ್ಕೆ. ಒಂದು ದಿನ ಅವನು ಸಂಜೆವರೆಗೆ ಹತ್ತಾರು ಸಲ ಒಳಗೆ ಹೋಗಿ ಬಂದ. ರೆಕ್ಕೆ ಅಲ್ಲಾಡಿದ್ದು ಕಂಡಿತು, ಕೆರೆಯುವ ಸದ್ದು ಕೇಳಿತು. ಮನೆಯವರು ಮಾಮೂಲಿ ಅಂದುಕೊಂಡರು. ಮಾರನೇ ದಿನ ಬೆಳಗ್ಗೆ ಮುಚ್ಚಳ ತೆಗೆದು ನೋಡಿದರೆ ಒಳಗೆ ಉಚ್ಚೆಗೆ ನೆನೆದು ಕಟ್ಟಿದ ಮಣ್ಣಿನ ಉಂಡೆ ಒಂದೇ ಒಂದು, ಅದೂ ಗೋಲಿಯಷ್ಟು. ಗುಂಡನಿಗೆ ಉಚ್ಚೆ ಕಟ್ಟಿಕೊಂಡಿತ್ತು, ಹೊರಗೆ ಬರುತ್ತಿರಲಿಲ್ಲ.

ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಪೂರ. ಒಂದಿಷ್ಟು ಹರಳು, ಲೋಳೆ ಸೇರಿಕೊಂಡರೂ ಸಾಕು, ಮುಚ್ಚಿಹೋಗುತ್ತದೆ. ಪೂರ್ತಿ ಮುಚ್ಚಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಎರಡು ಮೂರು ದಿನದೊಳಗೆ ಜೀವ ಹೋಗಬಹುದು. ಪುಣ್ಯಕ್ಕೆ ಅವರು ಅವತ್ತೇ ಡಾಕ್ಟರ್ ಹತ್ತಿರ ಓಡಿದರು. ಮೂತ್ರನಾಳಕ್ಕೆ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿದರು, ಗುಂಡ ಉಳಿದುಕೊಂಡ. ಆ ವಾರದ ಸಭೆಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ಮುಚ್ಚಳ ಇಲ್ಲದೇ ಇದ್ದಿದ್ರೆ ನಾನು ಹಿಂದಿನ ದಿನಾನೇ ನೋಡ್ತಿದ್ದೆ, ಅಲ್ವಾ?" ನಮ್ಮಲ್ಲಿ ಯಾರೂ ಅಲ್ಲ ಅನ್ನಲಿಲ್ಲ.

ಮುಚ್ಚಳ ಕಂಡರೆ ಬೆಕ್ಕಿಗೆ ಆಗುವುದೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡೂ ಬಾಕ್ಸ್‌ಗಳನ್ನು ದಿನಾ ಶುಚಿ ಮಾಡುತ್ತಿದ್ದಾಗ, ಹೆಚ್ಚಿನ ಬೆಕ್ಕುಗಳು ಮುಚ್ಚಿದ್ದು, ತೆರೆದದ್ದು ಅಂತ ಭೇದ ಮಾಡಲಿಲ್ಲ. ದಿನಾ ಶುಚಿ ಮಾಡುತ್ತಿದ್ದಾಗ ಅನ್ನುವುದನ್ನು ಗಮನಿಸಿ. ಮನೆಯಲ್ಲಿ ಆಗುವುದು ಬೇರೆ. ಕಣ್ಣಿಗೆ ಬೀಳದ ಕೆಲಸ ನಾಳೆಗೆ ಹೋಗುತ್ತದೆ. ಅಷ್ಟರಲ್ಲಿ ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವ ಆ ಘಾಟು ಮುಚ್ಚಳದ ಒಳಗೇ ನಿಲ್ಲುತ್ತದೆ. ನಾವು ಅದರ ಮೇಲೆ ಸೆಂಟು ಸುರಿಯುತ್ತೇವೆ. ನಮಗಿಂತ ಎಷ್ಟೋ ಚುರುಕು ಮೂಗಿನ ಪ್ರಾಣಿ ಆ ಎರಡು ವಾಸನೆಯ ನಡುವೆ ಕೂರಬೇಕು. ಕೊನೆಗೆ ಅದು ಸೋಫಾ ಹಿಂದೆ ಹೋದರೆ ಬೈಗಳು ತಿನ್ನುವುದೂ ಅದೇ.

ಮಣ್ಣಿನ ಲಿಟರ್ ತುಂಬ ಹಳೆಯ ಪದ್ಧತಿಯೇನಲ್ಲ. ಮೊದಲು ಜನ ಬೂದಿ, ಮರಳು ಹಾಕುತ್ತಿದ್ದರು. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪಕ್ಕದ ಮನೆಯಾಕೆಯೊಬ್ಬರು ಎಡ್ವರ್ಡ್ ಲೋ ಎಂಬುವರ ಹತ್ತಿರ ಬಂದು ಮರಳು ಕೇಳಿದರು. ಬೂದಿ ತುಳಿದ ಬೆಕ್ಕು ಮನೆ ತುಂಬ ಕಪ್ಪು ಹೆಜ್ಜೆ ಮೂಡಿಸುತ್ತಿತ್ತಂತೆ. ಲೋ ಕೊಟ್ಟದ್ದು ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಬಳಸುವ ಜೇಡಿಮಣ್ಣು. ಅಲ್ಲಿಂದ ಈ ವ್ಯಾಪಾರ ಶುರು. ಒದ್ದೆಯಾದಾಗ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂದದ್ದು 1980ರ ದಶಕದಲ್ಲಿ. ಬಳಸಲು ಸುಲಭ, ನಿಜ. ಆದರೆ ಅದನ್ನು ನೆಲ ಬಗೆದು ತೆಗೆಯಬೇಕು. ಬಿಸಾಡಿದ ಮೇಲೆ ಕೊಳೆಯುವುದಿಲ್ಲ. ಚೀಲ ಸುರಿಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಬೆಕ್ಕಿನ ಎದೆಗೂ ಒಳ್ಳೆಯದಲ್ಲ, ನಮ್ಮದಕ್ಕೂ ಅಲ್ಲ.

ಈಗ ಪೆಲೆಟ್ ವಿಷಯ. ಇವು ಮರದ ಪುಡಿಯನ್ನು ಒತ್ತಿ ಮಾಡಿದ, ಪೆನ್ಸಿಲ್‌ಗಿಂತ ಸ್ವಲ್ಪ ಸಪೂರದ ಸಣ್ಣ ತುಂಡುಗಳು. ಮನೆಗೆ ಬಂದ ತಕ್ಷಣ ಒಂದು ಪ್ರಯೋಗ ಮಾಡಿ ನೋಡಿ. ಒಂದು ಹಿಡಿ ಪೆಲೆಟ್ ಬಟ್ಟಲಿಗೆ ಹಾಕಿ, ಮೇಲೆ ಸ್ವಲ್ಪ ಬಿಸಿನೀರು ಹನಿಸಿ. ಮೊದಲು ಹೊಳಪು ಹೋಗುತ್ತದೆ. ಆಮೇಲೆ ಮೈ ಬಿರಿಯುತ್ತದೆ, ತುಂಡು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಬಟ್ಟಲು ತುಂಬ ಮೆತ್ತನೆಯ ಪುಡಿ. ಆಗ ತಾನೇ ಕೊಯ್ದ ಮರದ ವಾಸನೆ ಬರುತ್ತದೆ. ಟ್ರೇಯಲ್ಲಿ ಆಗುವುದೂ ಇದೇ. ಉಚ್ಚೆ ಬಿದ್ದ ಜಾಗದ ಪೆಲೆಟ್ ಪುಡಿಯಾಗುತ್ತದೆ. ಮೇಲಿನ ಟ್ರೇ ಹಿಡಿದು ಅಲ್ಲಾಡಿಸಿದರೆ ಪುಡಿ ಜರಡಿಯಿಂದ ಕೆಳಗೆ ಇಳಿಯುತ್ತದೆ, ಒಣ ಪೆಲೆಟ್ ಮೇಲೆ ಉಳಿಯುತ್ತದೆ. ಕಕ್ಕವನ್ನು ಮಾತ್ರ ದಿನಾ ಸೌಟಿನಿಂದ ಎತ್ತಲೇಬೇಕು. ಪೆಲೆಟ್ ಉಬ್ಬುವುದರಿಂದ ಎರಡು ಮೂರು ಸೆಂಟಿಮೀಟರ್ ದಪ್ಪ ಹರಡಿದರೆ ಸಾಕು, ಜಾಸ್ತಿ ಸುರಿಯಬೇಡಿ. ಒಂದು ಎಚ್ಚರಿಕೆ: ಇದೂ ಮರದ ಪುಡಿ ತಾನೇ ಅಂತ ಮರ ಕೊಯ್ಯುವಲ್ಲಿಂದ ಹಸಿ ಪುಡಿ ತರಬೇಡಿ. ಹಸಿ ಪೈನ್ ಮರದ ಎಣ್ಣೆ ಬೆಕ್ಕಿಗೆ ಆಗಿಬರುವುದಿಲ್ಲ. ನಾವು ತರಿಸುವುದು ಬಿಸಿಯಲ್ಲಿ ಒಣಗಿಸಿದ್ದು, ಅದರಲ್ಲಿ ಆ ಎಣ್ಣೆ ಬಹುಪಾಲು ಹೋಗಿರುತ್ತದೆ.

ಪೆಲೆಟ್‌ನಲ್ಲಿ ಒಂದು ಕೊರತೆ ಇದೆ. ಉಂಡೆ ಕಟ್ಟುವುದಿಲ್ಲ. ಬೆಕ್ಕು ಎಷ್ಟು ಸಲ, ಎಷ್ಟು ಉಚ್ಚೆ ಹೊಯ್ದಿದೆ ಅನ್ನುವ ಲೆಕ್ಕ ಉಂಡೆಯಲ್ಲಿ ಸಿಗುವಷ್ಟು ಚೆನ್ನಾಗಿ ಪುಡಿಯಲ್ಲಿ ಸಿಗುವುದಿಲ್ಲ. ಉಂಡೆಗಳು ಇದ್ದಕ್ಕಿದ್ದಂತೆ ದೊಡ್ಡದಾದರೆ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರಬಹುದು. ಸಣ್ಣದಾಗಿ ಸಂಖ್ಯೆ ಜಾಸ್ತಿಯಾದರೆ ಗುಂಡನಿಗೆ ಆದದ್ದು ಆಗಿರಬಹುದು. ಅದಕ್ಕೇ ಸೆಂಟಿಲ್ಲದ ಮಣ್ಣನ್ನು ನಾವು ಬಿಟ್ಟಿಲ್ಲ. ಒಮ್ಮೆ ಉಚ್ಚೆ ಕಟ್ಟಿದ, ಕಿಡ್ನಿ ಅಥವಾ ಸಕ್ಕರೆ ತೊಂದರೆ ಇರುವ ಬೆಕ್ಕಿದ್ದರೆ ದಯವಿಟ್ಟು ಅದನ್ನೇ ಮುಂದುವರಿಸಿ, ತೆರೆದ ಟಬ್‌ನಲ್ಲಿ ಹಾಕಿ. ಗುಂಡನೂ ಈಗ ಅದನ್ನೇ ಬಳಸುತ್ತಾನೆ.

"ಲಿಟರ್ ಗೊಡವೆಯೇ ಬೇಡ, ಕಮೋಡ್ ಕಲಿಸುವ ಕಿಟ್ ತರಿಸಿ" ಅಂತ ಹಲವರು ಕೇಳಿದ್ದೀರಿ. ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ತಮ್ಮ ಬೆಕ್ಕಿಗೆ ಕಲಿಸಿದ್ದರು, ಆಗುವುದೇ ಇಲ್ಲ ಅಂತಲ್ಲ. ಆದರೂ ನಾವು ತರಿಸುವುದಿಲ್ಲ. ಬೆಕ್ಕಿನ ಪೂರ್ವಜರು ಒಣನೆಲದ ಕಾಡುಬೆಕ್ಕುಗಳು. ಕೆರೆದು, ಹೊಯ್ದು, ಮೂಸಿ, ಮುಚ್ಚುವುದು ಅವುಗಳ ರಕ್ತದಲ್ಲೇ ಇದೆ. ಜಾರುವ ಅಂಚಿನ ಮೇಲೆ ನಾಲ್ಕು ಕಾಲು ಒಟ್ಟು ಮಾಡಿ ಕೂರುವುದು ಮುದಿ ಬೆಕ್ಕಿಗೆ, ಕೀಲುನೋವಿನ ಬೆಕ್ಕಿಗೆ ಹಿಂಸೆ. ಉಚ್ಚೆ ನೀರಲ್ಲಿ ಸೇರಿಹೋದರೆ ನಮಗೆ ಏನೂ ಕಾಣುವುದಿಲ್ಲ. ಮುಚ್ಚಳ ಬೇಡ ಅಂದವರು ಇದನ್ನು ಹೇಗೆ ಮಾರುವುದು?

ಫ್ಲಶ್ ಮಾಡುವುದೇ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಕೆಲವು ಬೆಕ್ಕುಗಳ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಮೊಟ್ಟೆಯಂಥ ಕಣಗಳು ಇರುತ್ತವೆ. ಚರಂಡಿ ನೀರು ಶುದ್ಧ ಮಾಡುವ ಕ್ರಮಕ್ಕೆ ಅವು ಸುಲಭವಾಗಿ ಸಾಯುವುದಿಲ್ಲ. ಕ್ಯಾಲಿಫೋರ್ನಿಯಾ ಕಡಲತೀರದ ನೀರುನಾಯಿಗಳು ಈ ಸೋಂಕಿನಿಂದ ಸತ್ತದ್ದು ದಾಖಲಾಗಿದೆ. ಹಾಗಾಗಿ ಕಕ್ಕವನ್ನು ಕಟ್ಟಿ ಕಸಕ್ಕೆ ಹಾಕಿ. ಪೆಲೆಟ್ ಪುಡಿ ಕೊಳೆಯುತ್ತದೆ ಅಂತ ತರಕಾರಿ ಗಿಡದ ಬುಡಕ್ಕೂ ಹಾಕಬೇಡಿ. ಈ ಕಣಗಳು ಹೊರಬಿದ್ದ ಮೇಲೆ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ಬಳಿದರೆ ಅಪಾಯ ತುಂಬ ಕಡಿಮೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ.

ತೋಫು ಮಾಡಿ ಉಳಿದ ಸೋಯಾ ಹಿಪ್ಪೆಯ ಲಿಟರ್ ಪರೀಕ್ಷಿಸಿದೆವು. ಧೂಳಿಲ್ಲ, ಬೆಕ್ಕುಗಳಿಗೆ ಹಿಡಿಸಿತು, ಆದರೆ ತೇವ ತಗುಲಿದ ಚೀಲಕ್ಕೆ ಬೂಸ್ಟು ಬಂತು. ಸದ್ಯಕ್ಕೆ ಬೇಡ ಅನ್ನಿಸಿತು. ಸಿಲಿಕಾ ಹರಳಿನ ಲಿಟರ್ ಕೆಲವು ಬೆಕ್ಕುಗಳ ಅಂಗಾಲಿಗೆ ಚುಚ್ಚುತ್ತದೆ. ತಾನೇ ಶುಚಿ ಮಾಡಿಕೊಳ್ಳುವ ಯಂತ್ರ ಮರಿಗಳಿರುವ ಮನೆಗೆ ಅಪಾಯ. ಕಾಗದದ ಪೆಲೆಟ್ ಮಾತ್ರ ಸ್ವಲ್ಪ ಇಟ್ಟಿರುತ್ತೇವೆ, ಆಪರೇಷನ್ ಆದ ಬೆಕ್ಕಿನ ಗಾಯಕ್ಕೆ ಅದು ಅಂಟುವುದಿಲ್ಲ.

ಬದಲಾಯಿಸುವಾಗ ಅವಸರ ಬೇಡ, ಇದು ನಮ್ಮ ಕೋರಿಕೆ. ಹಳೆಯ ಬಾಕ್ಸ್ ಇದ್ದಲ್ಲೇ ಇರಲಿ, ಪಕ್ಕದಲ್ಲಿ ಹೊಸದನ್ನು ಇಡಿ. ಎರಡನ್ನೂ ದಿನಾ ಬಳಿಯಿರಿ. ಬೆಕ್ಕು ತಾನಾಗಿ ಹೊಸದಕ್ಕೆ ಹೋಗುವವರೆಗೆ ಹಳೆಯದನ್ನು ತೆಗೆಯಬೇಡಿ. ವಾರ ಆಗಬಹುದು, ತಿಂಗಳೂ ಆಗಬಹುದು. ಎಷ್ಟು ದಿನವಾದರೂ ಪೆಲೆಟ್ ಮೇಲೆ ಕಾಲಿಡದ ಬೆಕ್ಕುಗಳೂ ಇವೆ. ಅಂಥವಕ್ಕೆ ಒತ್ತಾಯ ಮಾಡಬೇಡಿ, ತೆರೆಯದ ಪೆಲೆಟ್ ಚೀಲ ವಾಪಸ್ ಕೊಟ್ಟು ಮಣ್ಣು ತಗೊಳ್ಳಿ. ಟ್ರೇ ತೊಳೆಯಲು ಬಿಸಿನೀರು, ಸೋಪು ಸಾಕು. ಬ್ಲೀಚ್ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಈಗಾಗಲೇ ಮುಚ್ಚಳದ ಬಾಕ್ಸ್ ಕೊಂಡವರು ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಮುಚ್ಚಳ ಬಿಚ್ಚಿ ಪಕ್ಕಕ್ಕಿಡಿ. ತಳ ಸಾಕಷ್ಟು ಉದ್ದ ಇದ್ದರೆ ಅದೇ ತೆರೆದ ಟ್ರೇ ಆಯಿತು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ, ಅದರ ಒಂದೂವರೆಯಷ್ಟು ಉದ್ದ ಬೇಕು. ಸಾಲದಿದ್ದರೆ ಮುಂದಿನ ಆರ್ಡರ್ ಜೊತೆ ಆ ಅಳತೆ, ಬೆಕ್ಕಿನ ವಯಸ್ಸು, ನಿಂತು ಹೊಯ್ಯುವ ಅಭ್ಯಾಸ ಇದೆಯೇ ಅನ್ನುವುದನ್ನು ಬರೆದು ಕಳಿಸಿ. ನಿಂತು ಹೊಯ್ಯುವ ಬೆಕ್ಕಿಗೆ ಎತ್ತರದ ಗೋಡೆಯ ಟಬ್, ಮುದಿ ಬೆಕ್ಕಿಗೆ ಒಂದು ಬದಿ ತಗ್ಗಾಗಿ ಕತ್ತರಿಸಿದ ಟಬ್ ಕಳಿಸುತ್ತೇವೆ.

ನಿಮ್ಮ,
ಸಂಘದ ಎಲ್ಲ ಸದಸ್ಯರ ಪರವಾಗಿ