ಕಲ್ಲುಗಣಿ ಸುರಕ್ಷತೆ: ಜಂಟಿ ತಪಾಸಣೆ ಬೇಕು

ಮಾನ್ಯರೇ,

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಸ್ಫೋಟಕ ಸಿಡಿದು ಸತ್ತವರು ಹೊಟ್ಟೆಪಾಡಿಗೆ ಬಂದ ಬಡವರು. ಆ ಸಾವುಗಳು ನನ್ನನ್ನು ಇಂದಿಗೂ ಕಾಡುತ್ತಿವೆ.

ಕಲ್ಲುಗಣಿಗೆ ಗುತ್ತಿಗೆ ನೀಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಅಲ್ಲಿ ದುಡಿಯುವವರ ಸುರಕ್ಷತೆ ನೋಡಬೇಕಾದದ್ದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ; ಅದರ ಪ್ರಧಾನ ಕಚೇರಿ ಇರುವುದು ಜಾರ್ಖಂಡ್‌ನ ಧನಬಾದ್‌ನಲ್ಲಿ. ಗಣಿ ಇರುವ ಊರಿನದೇ ಕಾರ್ಖಾನೆಯಲ್ಲಾದರೆ ಈ ಹೊಣೆ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯದು. ಅಧಿಕಾರ ಹಂಚಿಕೊಳ್ಳಲಿ, ತಕರಾರಿಲ್ಲ. ಆದರೆ ಕೇಂದ್ರ–ರಾಜ್ಯಗಳ ಅಧಿಕಾರಿಗಳು ಜೊತೆಯಾಗಿ ತಪಾಸಣೆ ನಡೆಸದೆ ಯಾವ ಗುತ್ತಿಗೆಯನ್ನೂ ನವೀಕರಿಸಬಾರದು. ವರದಿಯನ್ನು ಗಣಿಯ ಬಾಗಿಲಲ್ಲೇ ಕನ್ನಡದಲ್ಲೂ ಹಿಂದಿಯಲ್ಲೂ ತೂಗುಹಾಕಬೇಕು. ಹುಣಸೋಡಿನಲ್ಲಿ ಹೊರರಾಜ್ಯದವರೂ ಸತ್ತಿದ್ದರು.

– ಓದುಗ, ಶಿವಮೊಗ್ಗ